ಕಾಳು ಕಾಯುವ ಉಚ್ಚೆಂಗಮ್ಮ

ಬೆಳಗಿನ ಐದೂ ಮುಕ್ಕಾಲು. ಕಂಪ್ಲಿಯಿಂದ ಮೆಟ್ರಿಗೆ ಬರುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ಊರಿನ ಕೊನೆಯ ಓಣಿಯ ಮಾಳಿಗೆ ಮನೆಯ ಮೇಲೆ ಐವತ್ತಾರು ವರ್ಷದ ಉಚ್ಚೆಂಗಮ್ಮ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮೊರದಲ್ಲಿ ಎರಡು ಹಿಡಿ ಅಲಸಂದೆ. ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಮೂಡಣದ ಬೆಳಕಿಗೆ ಎತ್ತುತ್ತಾರೆ, ತಿರುಗಿಸಿ ನೋಡುತ್ತಾರೆ, ಎಡಕ್ಕೋ ಬಲಕ್ಕೋ ಹಾಕುತ್ತಾರೆ. ಎಡಕ್ಕೆ ಬಿದ್ದ ಕಾಳಿನ ಮೈಮೇಲೆ ಸಾಸಿವೆಗಿಂತ ಸಣ್ಣದೊಂದು ಬಿಳಿ ಚುಕ್ಕೆ ಇದೆ. ನನ್ನ ಕಣ್ಣಿಗೆ ಅದು ಕಾಣಬೇಕಾದರೆ ಅವರು ಮೂರು ಸಲ ತೋರಿಸಬೇಕಾಗುತ್ತದೆ.

“ಇದು ತತ್ತಿ ರೀ. ಹುಳ ಕಾಳಿನ ಮ್ಯಾಲ ಅಂಟಿಸಿ ಹೋಗತೈತಿ. ಮರಿ ಒಳಗ ಕೊರಕೊಂಡು ಹೊಕ್ಕತೈತಿ. ಹೊರಗಿಂದ ನೋಡಿದ್ರ ಕಾಳು ಕಾಳಿನಂಗ ಇರ್ತೈತಿ. ತಿಂಗಳು ಬಿಟ್ಟು ತೂತು ಮಾಡ್ಕೊಂಡು ಹೊರಗ ಬಂದಾಗ ನಿಮಗ ತಿಳೀತೈತಿ. ಅಷ್ಟೊತ್ತಿಗೆ ಮುಗದಿರ್ತೈತಿ.”

ಬಿಸಿಲು ಏರಿದ ಮೇಲೆ ಕಣ್ಣು ಕುಕ್ಕುತ್ತದೆ, ಚುಕ್ಕೆ ಕಾಣುವುದಿಲ್ಲ. ಅದಕ್ಕೇ ಈ ಹೊತ್ತು. ಒಂದು ಮೂಟೆಯ ಕಾಳನ್ನೆಲ್ಲ ಹೀಗೆ ನೋಡಲಾಗುವುದಿಲ್ಲ. ಮೂಟೆಯ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ನೋಡುತ್ತಾರೆ. ಮೂರು ಹಿಡಿಯಲ್ಲಿ ಐದಕ್ಕಿಂತ ಹೆಚ್ಚು ಚುಕ್ಕೆ ಸಿಕ್ಕರೆ ಆ ಮೂಟೆಯನ್ನು ಅವರು ಕಾಯುವುದಿಲ್ಲ. ಬೇಗ ಬೇಯಿಸಿ ತಿನ್ನಿ ಎಂದು ತಂದವರಿಗೇ ವಾಪಸು ಕೊಡುತ್ತಾರೆ.

ಉಚ್ಚೆಂಗಮ್ಮನ ಕೆಲಸ ಕಾಳು ಕಾಯುವುದು. ಚಳಿಗಾಲದ ಕೊನೆಗೆ ಕೊಯ್ಲಾದ ಕಡಲೆ, ಅಲಸಂದೆ, ಅವರೆಯನ್ನು ಮುಂದಿನ ಬಿತ್ತನೆಯವರೆಗೆ ಹುಳ ಬೀಳದಂತೆ ಇಟ್ಟುಕೊಡುವುದು. ಮೂಟೆಗೆ ಒಂದು ಸೇರು ಕಾಳು ಅವರ ಕೂಲಿ. ಅವರು ಬಳಸುವುದು ಬೇವಿನ ಎಲೆ, ಬೇವಿನ ಬೀಜದ ಪುಡಿ, ಲಕ್ಕಿ ಸೊಪ್ಪು, ಔಡಲ ಎಣ್ಣೆ, ಬಜೆ ಬೇರು. ಬಜೆಯನ್ನು ಹೊಸಪೇಟೆಯ ಗ್ರಂಥಿಗೆ ಅಂಗಡಿಯಿಂದ ತರುತ್ತಾರೆ. ಲಕ್ಕಿಯನ್ನು ಕಾಲುವೆಯ ಏರಿಯ ಮೇಲಿಂದ ಕೊಯ್ಯುತ್ತಾರೆ. ಸಂಡೂರಿನ ಸೀತಾಫಲದ ಬೀಜವನ್ನೂ ಒಂದು ವರ್ಷ ಕುಟ್ಟಿ ನೋಡಿದ್ದರಂತೆ. ಕೆಲಸವೇನೋ ಮಾಡಿತು. ಆದರೆ ಕುಟ್ಟುವಾಗ ಪುಡಿ ಹಾರಿ ಎಂಟು ದಿನ ಕಣ್ಣು ಬಿಡಲಾಗಲಿಲ್ಲ. ಆಮೇಲೆ ಅದನ್ನು ಮುಟ್ಟಿಲ್ಲ.

ಏಳು ಗಂಟೆಗೆ ಮಾಳಿಗೆಯ ತುಂಬ ಕರಿಯ ತಾಡಪಾಲು ಹಾಸಿ ಕಾಳು ಹರವುತ್ತಾರೆ. ನಾಲ್ಕು ದಿನ ಬಿಸಿಲು. ದಿನಕ್ಕೆ ಆರು ಸಲ ಕೈಯಾಡಿಸಬೇಕು. ನಾಲ್ಕನೆಯ ಸಂಜೆ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿಯುತ್ತಾರೆ. ಟಕ್ಕೆಂದು ಎರಡು ಹೋಳಾದರೆ ಒಣಗಿದೆ. ಹಲ್ಲಿನ ಗುರುತು ಬಿದ್ದು ಮೆತ್ತಗಾದರೆ ಇನ್ನೊಂದು ದಿನ. ಆಮೇಲೆ ಕಿಲೋಗೆ ಒಂದು ಸಣ್ಣ ಚಮಚ ಔಡಲ ಎಣ್ಣೆ, ಅಷ್ಟೇ. ಎಲ್ಲ ಕಾಳೂ ಮಿನುಗುವವರೆಗೆ ಎರಡೂ ಅಂಗೈಯಲ್ಲಿ ತಿಕ್ಕಬೇಕು. ಒಂದು ಮೂಟೆಗೆ ಅರ್ಧ ದಿನ ಹಿಡಿಯುತ್ತದೆ. ಗಡಿಗೆಯ ತಳಕ್ಕೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಮೇಲೆ ಒಂದು ಗೇಣು ಕಾಳು, ಮತ್ತೆ ಎಲೆ. ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಮಣ್ಣು ಮೆತ್ತಿದರೆ ಮುಗಿಯಿತು.

“ಬಜಿ ಬಿತ್ತಾ ಕಾಳಿಗೆ ಮಾತ್ರ. ತಿನ್ನಾ ಕಾಳಿಗೆ ಹಾಕಂಗಿಲ್ಲ,” ಎನ್ನುತ್ತಾರೆ. “ಗಿಡದ್ದು ಐತಿ ಅಂತ ಎಲ್ಲಾ ಅಮೃತ ಅಲ್ರಿ. ಹುಳ ಸಾಯಸಾದು ಮನಷ್ಯಾಗೂ ಒಂದೀಟು ತಾಕತೈತಿ.”

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುವ ಗಂಡ ತಾಯಪ್ಪ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಹೊರಡುತ್ತಾರೆ. ಹೋಗುವಾಗ ನನಗೆ ಕೈ ಮುಗಿಯುತ್ತಾರೆ. ಮನೆಯಲ್ಲಿ ಎರಡು ಕೋಣೆ. ಒಂದರಲ್ಲಿ ಗಡಿಗೆಗಳ ಸಾಲು, ಇನ್ನೊಂದು ಖಾಲಿ. ಗಂಡ ಹೆಂಡತಿ ಮಲಗುವುದು ಪಡಸಾಲೆಯಲ್ಲಿ. ಚಳಿ ಇರಲಿ, ಮಳೆ ಇರಲಿ, ಇಪ್ಪತ್ತೊಂದು ವರ್ಷದಿಂದ ಪಡಸಾಲೆಯಲ್ಲೇ.

ಇಪ್ಪತ್ತೊಂದು ವರ್ಷದ ಹಿಂದೆ ಅವರು ಕೋರಿಗೆ ಮಾಡಿದ್ದ ಹೊಲದಲ್ಲಿ ಪಾಲಿಗೆ ಎರಡು ಮೂಟೆ ಅಲಸಂದೆ ಬಂದಿತ್ತು. ಮದುವೆಯಾಗಿ ಹತ್ತು ವರ್ಷದಲ್ಲಿ ಮನೆಯೊಳಗೆ ಮೂಟೆ ಬಂದದ್ದು ಅದೇ ಮೊದಲು. ಹದಿನೈದು ದಿನಕ್ಕೆ ಮೂಟೆಯ ಹೊಲಿಗೆಯ ಹತ್ತಿರ ಹಿಟ್ಟು ಉದುರತೊಡಗಿತು. ಉಚ್ಚೆಂಗಮ್ಮ ಬೆಳೆಗೆ ಹೊಡೆಯುವ ಔಷಧಿಯ ಅಂಗಡಿಗೆ ಹೋದರು. ಅಂಗಡಿಯವನು ಡಬ್ಬಿಯಿಂದ ಆರು ಗುಳಿಗೆ ತೆಗೆದು ಹಳೆಯ ಪೇಪರಿನ ಚೂರಿನಲ್ಲಿ ಕಟ್ಟಿಕೊಟ್ಟ. ಮೂಟೆಗಳ ನಡುವೆ ಇಡು, ಗಾಳಿ ಆಡಬಾರದು ಎಂದ.

ಈ ಗುಳಿಗೆಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಗಾಳಿಯ ತೇವ ತಾಗಿದರೆ ಅದರಿಂದ ವಿಷದ ಅನಿಲ ಏಳುತ್ತದೆ. ಹುಳ ಸಾಯುವುದು ಆ ಅನಿಲದಿಂದ. ಮುಚ್ಚಿದ ಕೋಣೆಯಲ್ಲಿ ಉಸಿರಾಡುವ ಯಾವುದನ್ನೂ ಅದು ಬಿಡುವುದಿಲ್ಲ. ಮನೆಬಳಕೆಗೆ, ಅದೂ ಬಿಡಿಯಾಗಿ, ಮಾರುವಂತಿಲ್ಲ ಎಂಬ ನಿಯಮವಿದೆ. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವೂ ಇದೆ. “ಡಬ್ಬಿ ಮ್ಯಾಲ ಚಿತ್ರ ಐತಂತ,” ಎನ್ನುತ್ತಾರೆ ಉಚ್ಚೆಂಗಮ್ಮ. “ಡಬ್ಬಿ ಯಾರಿಗೆ ತೋರ್ಸ್ಯಾರ್ರೀ? ನನಗ ಕೊಟ್ಟಿದ್ದು ಪೇಪರಿನ ಚೂರು. ಅದರ ಮ್ಯಾಲ ಒಂದು ಸೀರಿ ಅಂಗಡಿ ಚಿತ್ರ ಇತ್ತು.”

ಗುಳಿಗೆ ಇಟ್ಟ ಮಾರನೆಯ ದಿನ ಮಗಳು ಸ್ನೇಹಾ ಜ್ವರ ಬಂದು ಶಾಲೆಯಿಂದ ಬೇಗ ಬಂದಳು. ಏಳು ವರ್ಷದ ಹುಡುಗಿ. ಭತ್ತದ ನಾಟಿಯ ದಿನಗಳು, ತಾಯಿ ಕೂಲಿಗೆ ಹೋಗಲೇಬೇಕು. ಮೂಟೆಯ ಮೇಲೆ ಕೌದಿ ಹಾಸಿ ಮಲಗಿಸಿದರು, ನಾಯಿ ನುಗ್ಗದಿರಲೆಂದು ಬಾಗಿಲು ಮುಂದೆ ಮಾಡಿದರು. ಕಿಟಕಿ ಹಿಂದಿನ ದಿನವೇ ಮುಚ್ಚಿತ್ತು.

“ಗಾಳಿ ಆಡಬಾರದು ಅಂದಿದ್ನಲ್ರಿ ಅವ. ಕಿಟಕಿಗೆ ಗೋಣಿ ಚೀಲ ತುರುಕಿದ್ದೆ. ನಾನ ತುರುಕಿದ್ದೆ, ಬ್ಯಾರೇರ್ ಯಾರೂ ಅಲ್ಲ.”

ಸಂಜೆ ಬಂದಾಗ ಕೌದಿಯ ತುಂಬ ವಾಂತಿ. ಹುಡುಗಿ ಉಸಿರಿಗೆ ಒದ್ದಾಡುತ್ತಿದ್ದಳು. ಟೆಂಪೋದಲ್ಲಿ ಪಟ್ಟಣದ ಆಸ್ಪತ್ರೆಗೆ ಒಯ್ದರು. ಅಲ್ಲಿ ಒಂದು ಗಂಟೆ ಇದ್ದಳು. ಏನು ತಿಂದಿದ್ದಳು ಎಂದು ಡಾಕ್ಟರು ಕೇಳಿದರು, ನರ್ಸು ಕೇಳಿದರು. ಬೆಳಿಗ್ಗೆ ರೊಟ್ಟಿ, ಅಲಸಂದೆ ಪಲ್ಯ ಎಂದರು ತಾಯಿ. ಸಾವಿನ ಚೀಟಿಯಲ್ಲಿ ವಾಂತಿ-ಭೇದಿ ಎಂದು ಬರೆದರು.

“ಏನು ಉಂಡಿದ್ಲು ಅಂತ ನಾಕು ಮಂದಿ ಕೇಳಿದ್ರು,” ಎನ್ನುತ್ತಾರೆ ಉಚ್ಚೆಂಗಮ್ಮ. ಮೊರದಲ್ಲಿ ಆಡುತ್ತಿರುವ ಕೈ ನಿಲ್ಲುವುದಿಲ್ಲ. “ಯಾವ ಕ್ವಾಣ್ಯಾಗ ಮಲಗಿದ್ಲು ಅಂತ ಒಬ್ರೂ ಕೇಳ್ಲಿಲ್ಲ.”

ಸಾವಿಗೆ ಕಾರಣ ಗೊತ್ತಾದದ್ದು ಹನ್ನೊಂದನೆಯ ದಿನ. ಪಕ್ಕದ ಮನೆಯ ಮುದುಕಿ ಎರ್ರಮ್ಮ, ಕಾಳಾದರೂ ಬೇಯಿಸಿ ತಿನ್ನಿ, ಉಪವಾಸ ಸಾಯಬೇಡಿ ಎಂದು ಮೂಟೆ ಸರಿಸಲು ಬಂದರು. ಮೂಟೆಯ ಹಿಂದೆ ಮೂರು ಇಲಿ ಸತ್ತು ಒಣಗಿದ್ದವು. ಗೋಡೆಯ ಬುಡದಲ್ಲಿ ಒಂದು ಹಲ್ಲಿ. ನಡುವೆ ಪೇಪರಿನ ಚೂರು, ಅದರ ಮೇಲೆ ಬೂದಿಯಂಥ ಪುಡಿ. ಎರ್ರಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ ಮಾತನ್ನು ಉಚ್ಚೆಂಗಮ್ಮ ಈಗಲೂ ಅದೇ ದನಿಯಲ್ಲಿ ಹೇಳುತ್ತಾರೆ. “ಹುಳ ಸತ್ತಾವ, ಇಲಿ ಸತ್ತಾವ, ಹಲ್ಲಿ ಸತ್ತೈತಿ. ಇದರಾಗ ಮಲಗಿದ ಕೂಸು ಹೆಂಗ ಉಳೀತೈತೆ ತಂಗಿ?”

ಉಚ್ಚೆಂಗಮ್ಮ ಗುಳಿಗೆ ಕೊಟ್ಟ ಅಂಗಡಿಗೆ ಹೋದರು. “ಕೂಸಿನ್ನ ಅಲ್ಲಿ ಮಲಗಸು ಅಂತ ನಾ ಹೇಳಿದ್ನೇನು?” ಎಂದನಂತೆ ಅವನು. ಆಸ್ಪತ್ರೆಗೆ ಹೋಗಿ ಚೀಟಿ ತಿದ್ದಿಕೊಡಿ ಎಂದರು. ಮಣ್ಣು ಮಾಡಿ ಆಗಿದೆ, ಇನ್ನೇನು ನೋಡಿ ತಿದ್ದುವುದು ಎಂದರು ಅಲ್ಲಿನವರು. ಊರಿನಲ್ಲಿ ಹೆಂಗಸರು ಮಾತಾಡಿಕೊಂಡರು. ತನ್ನ ಕೂಸನ್ನು ತಾನೇ ತಿಂದಾಕಿ ಎಂಬ ಮಾತು ನೀರಿನ ನಲ್ಲಿಯ ಹತ್ತಿರ ಅವರ ಕಿವಿಗೂ ಬಿತ್ತು. ಗಂಡ ಮಾತ್ರ ಒಂದು ದಿನವೂ ಏನೂ ಅನ್ನಲಿಲ್ಲ.

“ಅಂದಿದ್ರ ಚಲೋ ಇತ್ತು,” ಎನ್ನುತ್ತಾರೆ. “ಅವ್ರು ಏನೂ ಅನ್ಲಿಲ್ಲ. ಹಾಸಿಗಿ ತಂದು ಪಡಸಾಲ್ಯಾಗ ಹಾಕಿದ್ರು, ಅಷ್ಟ.”

ಬೇವು ಬಜೆಯ ವಿದ್ಯೆ ಕಲಿಸಿದ್ದು ಎರ್ರಮ್ಮ. ಅವರ ಕಾಲದಲ್ಲಿ ಮನೆಮನೆಗೂ ಗೊತ್ತಿದ್ದ ಕೆಲಸವದು. ಗುಳಿಗೆ ಬಂದ ಮೇಲೆ ಎಲ್ಲರೂ ಬಿಟ್ಟಿದ್ದರು. ಮುದುಕಿಗೂ ಅರ್ಧ ಮರೆತಿತ್ತು. ಅಳತೆ ನೆನಪಿರಲಿಲ್ಲ, ಯಾವ ಎಲೆ ಎಷ್ಟು ದಿನ ಒಣಗಬೇಕು ಎಂಬುದೂ ನೆನಪಿರಲಿಲ್ಲ. ಮೊದಲ ವರ್ಷ ಉಚ್ಚೆಂಗಮ್ಮ ಜಂಬಪ್ಪ ಎಂಬ ರೈತನನ್ನು ಕಾಡಿ ಬೇಡಿ ಬಿತ್ತನೆಯ ಅವರೆ ಇಸಿದುಕೊಂಡರು. ಬೇವಿನ ಎಲೆಯನ್ನು ಹಸಿಯಾಗಿಯೇ ಗಡಿಗೆಗೆ ಹಾಕಿದ್ದರು. ಮುಂಗಾರಿಗೆ ಬಾಯಿ ತೆಗೆದಾಗ ಕಾಳಿನ ಮೇಲೆ ಬೂಸ್ಟು ಬಂದು ಒಂದಕ್ಕೊಂದು ಅಂಟಿತ್ತು. ಜಂಬಪ್ಪ ಆ ಗಡಿಗೆಯನ್ನು ಹೊತ್ತು ತಂದು ಅವರ ಮನೆಯ ಹೊಸ್ತಿಲ ಮೇಲೆ ಒಡೆದ. ಉಚ್ಚೆಂಗಮ್ಮ ಎರಡು ತಿಂಗಳು ಅವನ ಹೊಲದಲ್ಲಿ ಕೂಲಿಯಿಲ್ಲದೆ ಕಳೆ ತೆಗೆದರು.

ಎರಡನೆಯ ವರ್ಷ ಎಲೆ ಒಣಗಿಸಿದರು, ಕಾಳು ಒಣಗಿಸಲಿಲ್ಲ. ಅರ್ಧಕ್ಕರ್ಧ ಹುಳ. ಮೂರನೆಯ ವರ್ಷ ತಮ್ಮ ಕೂಲಿಯ ಕಾಳನ್ನೇ ಹದಿನಾಲ್ಕು ಸಣ್ಣ ಕುಡಿಕೆಗಳಲ್ಲಿ ಹದಿನಾಲ್ಕು ಬಗೆಯಾಗಿ ಇಟ್ಟರು. ಅಕ್ಷರ ಬಾರದು, ಹಾಗಾಗಿ ಕುಡಿಕೆಯ ಮೇಲೆ ಸುಣ್ಣದಿಂದ ಗೀಟು, ಬೊಟ್ಟು, ಎಲೆಯ ಚಿತ್ರ. ಐದು ತಿಂಗಳ ಮೇಲೆ ತೆಗೆದಾಗ ಎರಡು ಕುಡಿಕೆಗಳಲ್ಲಿ ಒಂದು ಕಾಳಿಗೂ ತೂತು ಬಿದ್ದಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿದರು. ನೂರಕ್ಕೆ ತೊಂಬತ್ತೆರಡು. ಆ ವಾರ ಎರ್ರಮ್ಮ ತೀರಿಕೊಂಡಿದ್ದರು. ತೋರಿಸಲು ಯಾರೂ ಇರಲಿಲ್ಲ.

ನಿಧಾನಕ್ಕೆ ಜನ ಬಂದರು. ಮೆಟ್ರಿಯಿಂದ, ಆಮೇಲೆ ಎಮ್ಮಿಗನೂರಿನಿಂದಲೂ. ಜಂಬಪ್ಪನೂ ಬಂದ. ಈಗಲೂ ಅವನ ಮೂರು ಮೂಟೆ ಇಲ್ಲೇ ಇವೆ. ಚೆನ್ನಾಗಿ ಕಾದಿದ್ದೀ ಎಂದು ಒಂದು ಸಲವಾದರೂ ಹೇಳಿದ್ದಾನೆಯೇ ಎಂದು ಕೇಳಿದೆ.

“ಮೂಟಿ ತರ್ತಾನಲ್ರಿ. ಅವನ ಬಾಯಾಗ ಅಷ್ಟ ಬರಾದು.”

ಆರು ವರ್ಷದ ಹಿಂದೆ ಅವರ ಹತ್ತಿರ ಅರವತ್ತನಾಲ್ಕು ಮನೆಯ ಕಾಳು ಇತ್ತು. ಗಡಿಗೆ ಸಾಲದೆ ನೆರೆಯವರ ದನದ ಕೊಟ್ಟಿಗೆಯಲ್ಲೂ ಇಟ್ಟಿದ್ದರು. ಆ ವರ್ಷ ಹೊಸಪೇಟೆಯ ಒಂದು ಸಂಸ್ಥೆಯಿಂದ ಭಾರ್ಗವ್ ಎಂಬ ಯುವಕ ಕ್ಯಾಮೆರಾ ಹಿಡಿದು ಬಂದ. ಮೂರು ದಿನ ಅವರ ಮನೆಯಲ್ಲೇ ಉಂಡ. ಉಚ್ಚೆಂಗಮ್ಮ ಏನನ್ನೂ ಮುಚ್ಚಿಡಲಿಲ್ಲ. ಚುಕ್ಕೆ ನೋಡುವುದು, ಹಲ್ಲಿನಲ್ಲಿ ಕಡಿಯುವುದು, ಎಣ್ಣೆಯ ಅಳತೆ ಎಲ್ಲ ಹೇಳಿಕೊಟ್ಟರು. ನಾಲ್ಕು ಊರಿಗೆ ಗೊತ್ತಾದರೆ ನಾಲ್ಕು ಊರಿನಲ್ಲಿ ಗುಳಿಗೆ ನಿಲ್ಲುತ್ತದೆ ಎಂಬುದು ಅವರ ಲೆಕ್ಕವಾಗಿತ್ತು.

ಹೊಸಪೇಟೆಯ ಸಭಾಂಗಣದಲ್ಲಿ ಕಾರ್ಯಕ್ರಮವಾಯಿತು. ಅವರನ್ನು ಕಾರಿನಲ್ಲಿ ಕರೆದೊಯ್ದರು. ಮೂರನೆಯ ಸಾಲಿನಲ್ಲಿ ಕೂರಿಸಿದರು. ಪರದೆಯ ಮೇಲೆ ದೊಡ್ಡದಾಗಿ ಎರಡು ಕೈ ಬಂದವು, ಕಾಳಿಗೆ ಎಣ್ಣೆ ತಿಕ್ಕುವ ಕೈ. ಎಡಗೈಯ ಕಿರುಬೆರಳು ಮೇವು ಕತ್ತರಿಸುವಾಗ ತುಂಡಾದದ್ದು, ಅದರಿಂದ ತಮ್ಮದೇ ಎಂದು ಗುರುತಾಯಿತು. ಮುಖ ಬರಲಿಲ್ಲ, ಹೆಸರೂ ಬರಲಿಲ್ಲ. ನಮ್ಮ ಸಂಸ್ಥೆ ಕಂಡುಹಿಡಿದ ವಿಧಾನ ಎಂದು ವೇದಿಕೆಯ ಮೇಲಿದ್ದವರು ಹೇಳಿದರು. ಕೊನೆಗೆ ಏಳೆಂಟು ಹೆಂಗಸರಿಗೆ ಒಟ್ಟಿಗೆ ಶಾಲು ಹೊದಿಸಿದರು.

“ಅದಕ್ಕ ನನಗ ಸಿಟ್ಟು ಬಂದಿಲ್ರಿ,” ಎನ್ನುತ್ತಾರೆ. “ಹೆಸರು ತಗೊಂಡು ಏನ್ ಮಾಡ್ಲಿ. ಮುಂದ ಮಾಡಿದ್ದಕ್ಕ ಬಂತು.”

ಮುಂದಿನ ಸುಗ್ಗಿಗೆ ಅಂಗಡಿಗಳಲ್ಲಿ ಹಸಿರು ಪೊಟ್ಟಣ ಬಂತು. ಹಂಪಿಯ ಪ್ರವಾಸಿಗಳ ಅಂಗಡಿಯಲ್ಲೂ ತೂಗುಹಾಕಿದ್ದರಂತೆ. ಪೊಟ್ಟಣದ ಮೇಲೆ ಅದೇ ಎರಡು ಕೈ. ಗಿರಣಿಯಿಂದ ಬರುವಾಗ ತಾಯಪ್ಪ ಒಂದನ್ನು ತಂದು ಹೆಂಡತಿಯ ಮುಂದಿಟ್ಟರು. ಒಳಗೆ ಬೇವು ಮತ್ತು ಬಜೆಯ ಪುಡಿ. ಪಕ್ಕದ ಮನೆಯ ಶಾಲೆಗೆ ಹೋಗುವ ಹುಡುಗಿಯಿಂದ ಹಿಂಬದಿ ಓದಿಸಿದರು. ಪುಡಿಯನ್ನು ಕಾಳಿಗೆ ಬೆರೆಸಿ, ಡಬ್ಬಿಯಲ್ಲಿಡಿ. ಅಷ್ಟೇ. ಒಣಗಿಸುವ ಮಾತಿಲ್ಲ, ಎಣ್ಣೆಯ ಮಾತಿಲ್ಲ. ತಿನ್ನುವ ಕಾಳಿಗೆ ಬಜೆ ಬೇಡ ಎಂಬ ಮಾತೂ ಇಲ್ಲ.

ಉಚ್ಚೆಂಗಮ್ಮ ಭಾರ್ಗವ್‌ಗೆ ಫೋನು ಮಾಡಿಸಿದರು. ಜನಕ್ಕೆ ನಾಲ್ಕು ದಿನ ಬಿಸಿಲಲ್ಲಿ ಒಣಗಿಸುವ ಪುರುಸೊತ್ತಿಲ್ಲ ಆಂಟಿ, ಸರಳ ಮಾಡಿದ್ದೇವೆ ಎಂದನಂತೆ.

ಪೊಟ್ಟಣ ಅಗ್ಗವಾಗಿತ್ತು, ಸುಲಭವಾಗಿತ್ತು. ಅರವತ್ತನಾಲ್ಕರಲ್ಲಿ ನಲವತ್ತೊಂದು ಮನೆಯವರು ತಮ್ಮ ಕಾಳನ್ನು ತಾವೇ ಇಟ್ಟುಕೊಂಡರು. ಮುಂಗಾರಿನ ಹೊತ್ತಿಗೆ ಡಬ್ಬಿ ತೆಗೆದರೆ ಕಾಳೆಲ್ಲ ಜರಡಿ. ತೇವವಿದ್ದ ಕಾಳಿನಲ್ಲಿ ತತ್ತಿ ಮೊದಲೇ ಇತ್ತು. ಪುಡಿ ಏನು ಮಾಡೀತು? ಜನ ಬೈದದ್ದು ಸಂಸ್ಥೆಯನ್ನಲ್ಲ. ಪೊಟ್ಟಣದ ಮೇಲಿನ ಕೈ ಯಾರದೆಂದು ಊರಿಗೆಲ್ಲ ಗೊತ್ತಿತ್ತಲ್ಲ. ಬೇವಿನ ಮಾತೇ ಸುಳ್ಳು ಎಂದು ಬಹಳ ಜನ ಗುಳಿಗೆಗೆ ಮರಳಿದರು. ಪುಡಿ ಮುಟ್ಟದೇ ಇದ್ದ ಮನೆಯವರೂ ಕೆಲವರು ಬಿಟ್ಟರು. ಇವತ್ತು ಉಚ್ಚೆಂಗಮ್ಮನ ಹತ್ತಿರ ಇರುವುದು ಹದಿನೇಳು ಮನೆಯ ಕಾಳು.

ಭಾರ್ಗವ್ ಜೊತೆ ನಾನು ಮಾತಾಡಿದೆ. ಅವರು ಈಗ ಆ ಸಂಸ್ಥೆಯಲ್ಲಿಲ್ಲ. ಪೊಟ್ಟಣವೂ ಎರಡೇ ವರ್ಷಕ್ಕೆ ನಿಂತುಹೋಗಿದೆ. “ಅವರ ಹೆಸರು ಹಾಕಬೇಕಿತ್ತು ಸರ್, ಆಗ ಹೊಳೀಲಿಲ್ಲ,” ಎಂದರು. ಒಣಗಿಸುವ ವಿಷಯ ಯಾಕೆ ಬಿಟ್ಟಿರಿ ಎಂದೆ. “ಪೊಟ್ಟಣದ ಮೇಲೆ ಅಷ್ಟು ಜಾಗ ಇರಲಿಲ್ಲ,” ಎಂದರು. ಈ ಮಾತನ್ನು ಉಚ್ಚೆಂಗಮ್ಮನಿಗೆ ಹೇಳಿದೆ. ಅವರು ನಗಲಿಲ್ಲ.

“ನಲವತ್ತೊಂದು ಮನಿ ರೀ. ನಾನು ಹದಿನೈದು ವರ್ಷ ಬೈಸ್ಕೊಂಡು, ಕಾಲು ಹಿಡದು ಗುಳಿಗಿ ಬಿಡಿಸಿದ ಮನಿ. ಒಂದು ಸುಗ್ಗ್ಯಾಗ ಹೊಳ್ಳಿ ಗುಳಿಗಿಗೇ ಹಚ್ಚಿದ್ರು. ನನ್ನ ಕೈ ತೋರಿಸಿ ಹಚ್ಚಿದ್ರು.”

ಅವರಿಗೆ ಇನ್ನೊಂದು ಕೆಲಸವಿದೆ. ಅದಕ್ಕೆ ಸೇರು ಕಾಳೂ ಸಿಗುವುದಿಲ್ಲ. ಸುಗ್ಗಿ ಮುಗಿದ ಮೇಲಿನ ಎರಡು ತಿಂಗಳು, ದಿನಾ ಸಂಜೆ ನಾಲ್ಕರಿಂದ ಆರರವರೆಗೆ ಓಣಿ ಓಣಿ ತಿರುಗುತ್ತಾರೆ. ಯಾರ ಮನೆಗೆ ಮೂಟೆ ಬಂದಿದೆ ಎಂದು ನೋಡುತ್ತಾರೆ. ಬಾಗಿಲಲ್ಲಿ ನಿಂತು ಎರಡೇ ಪ್ರಶ್ನೆ ಕೇಳುತ್ತಾರೆ. ಗುಳಿಗೆ ಹಾಕೀರೇನು? ಮಕ್ಕಳು ಎಲ್ಲಿ ಮಲಗುತ್ತಾರೆ? ಊರಿನಲ್ಲಿ ಅವರಿಗೆ ಬಿದ್ದಿರುವ ಹೆಸರು ಗುಳಿಗಿ ಉಚ್ಚೆಂಗಮ್ಮ. ಜೀವಮಾನವಿಡೀ ಯಾವುದನ್ನು ಬಿಡಿಸಲು ಹೆಣಗಿದರೋ ಅದೇ ಹೆಸರಿಗೆ ಅಂಟಿದೆ.

ಮೊನ್ನೆ ನಾನು ಅವರ ಜೊತೆ ನಡೆದೆ. ಒಂಬತ್ತು ಮನೆ. ನಾಲ್ಕರಲ್ಲಿ ಗುಳಿಗೆ ಇತ್ತು. ಒಂದು ಮನೆಯ ಹೊನ್ನೂರಸ್ವಾಮಿ ಎಂಬ ಯಜಮಾನರು ಚಹಾ ಕೊಟ್ಟು, ಮೂಟೆಯನ್ನು ದನದ ಮನೆಗೆ ಹಾಕಿದ್ದೇವೆ ಬಾ ನೋಡು ಎಂದು ತಾವೇ ತೋರಿಸಿದರು. ದನ ಎಲ್ಲಿ ಕಟ್ಟುತ್ತೀರಿ ಎಂದು ಕೇಳಿದರು ಉಚ್ಚೆಂಗಮ್ಮ. ಹೊರಗೆ, ಬೇವಿನ ಗಿಡಕ್ಕೆ. ಸರಿ ಎಂದು ಮುಂದೆ ನಡೆದರು. ಬೇವು ಹಾಕಿ, ಎಣ್ಣೆ ಹಚ್ಚಿ ಎಂಬ ಮಾತನ್ನು ಅವರು ಯಾವ ಮನೆಯಲ್ಲೂ ಎತ್ತಲಿಲ್ಲ. ದಾರಿಯಲ್ಲಿ ಕೇಳಿದೆ.

“ಅದನ್ನ ಹೇಳಾದು ಬಿಟ್ಟೀನ್ರಿ. ಹೇಳಿದ್ರ ಪೊಟ್ಟಣದ ಕತಿ ತೆಗೀತಾರ, ಬಾಗಲಾ ಹಾಕ್ತಾರ. ಬಾಗಲಾ ಹಾಕಿದ್ರ ಕೂಸು ಎಲ್ಲಿ ಮಲಗೈತಿ ಅಂತ ಹೆಂಗ ನೋಡ್ಲಿ? ಅದಕ್ಕ, ಗುಳಿಗಿ ಹಾಕ್ಕೊಳ್ರವ್ವಾ, ಆದ್ರ ಆ ಕ್ವಾಣ್ಯಾಗ ಮಲಗಬ್ಯಾಡ್ರಿ ಅಂತೀನಿ.” ಮುಂದಿನ ಓಣಿಗೆ ತಿರುಗುವಾಗ, “ಸೋತಂಗ ಆತಲ್ರೀ ಇದು,” ಎಂದರು.

ಗ್ರಾಮಸಭೆಯಲ್ಲಿ ಎರಡು ಸಲ ಎದ್ದು ನಿಂತಿದ್ದಾರೆ. ಬಿಡಿ ಗುಳಿಗೆ ಮಾರುವುದನ್ನು ನಿಲ್ಲಿಸಿ ಎಂದಿದ್ದಾರೆ. ಬರೆದುಕೊಂಡಿದ್ದೇವೆ ಎಂದರಂತೆ. ಅವರು ಕೇಳಿದ ಇನ್ನೊಂದು ಸಣ್ಣ ಸಂಗತಿ, ಶಾಲೆಯ ಗೋಡೆಯ ಮೇಲೆ ಒಂದು ಚಿತ್ರ. ಒಂದು ಮೂಟೆ, ಪಕ್ಕದಲ್ಲಿ ಮಲಗಿದ ಮಗು, ಅದರ ಮೇಲೆ ಕೆಂಪು ಗೀಟು. ಅಕ್ಷರ ಬೇಡ, ತಮ್ಮಂಥವರಿಗೆ ತಿಳಿಯುವುದಿಲ್ಲ. ಗೋಡೆಗೆ ಬಣ್ಣ ಹೊಡೆಸುವಾಗ ನೋಡೋಣ ಎಂದಿದ್ದಾರೆ. ಎರಡು ಸಲ ಬಣ್ಣ ಹೊಡೆದಾಗಿದೆ.

ಒಂಬತ್ತನೆಯ ಮನೆ ಮೂಲೆಯದು. ಹೆಸರು ಬರೆಯುವುದಿಲ್ಲ. ಬಾಣಂತನಕ್ಕೆ ತವರಿಗೆ ಬಂದಿರುವ ಇಪ್ಪತ್ತೆರಡು ವರ್ಷದ ಮಗಳು ಬಾಗಿಲಿಗೆ ಬಂದಳು. ಒಳಗಿನ ಕೋಣೆಯಲ್ಲಿ ಐದು ಮೂಟೆ ಕಡಲೆ, ಪಕ್ಕದಲ್ಲೇ ಸೀರೆಯ ಜೋಳಿಗೆ. ಉಚ್ಚೆಂಗಮ್ಮ ಹೊಸ್ತಿಲಾಚೆಯೇ ನಿಂತು ತಮ್ಮ ಎರಡು ಪ್ರಶ್ನೆ ಕೇಳಿದರು.

“ವರ್ಷ ವರ್ಷ ಬಂದು ಕೇಳ್ತೀಯಲ್ಲ, ನಿನಗ ಬ್ಯಾರೆ ಕೆಲಸ ಇಲ್ಲೇನು?” ಎಂದಳು ಅವಳು. “ಎಳೀ ಕೂಸು ಇರೋ ಮನಿ ಇದು. ನಿನ್ನ ಕಣ್ಣು ಹಾಕಬ್ಯಾಡ, ನಡಿ.” ಆಮೇಲೆ ನನ್ನ ಕಡೆ ತಿರುಗಿದಳು. “ನೀವು ಹೊಸಬ್ರು, ನಿಮಗ ಗೊತ್ತಿಲ್ಲ. ನಾನು ಐದು ವರ್ಷದಾಕಿ ಇದ್ದಾಗ ಈಕಿ ನಮ್ಮನಿ ಹೊಕ್ಕು ನನ್ನ ಮೈ ಮುಟ್ಟಿದ್ಲಂತ. ಅವತ್ತು ಸಂಜಿಕ ನನಗ ವಾಂತಿ ಹತ್ತಿ ಸಾಯಾಂಗ ಆಗಿದ್ನಂತ. ನಮ್ಮವ್ವ ದೃಷ್ಟಿ ತೆಗದು ಉಳಿಸ್ಕೊಂಡ್ಲು.”

ಉಚ್ಚೆಂಗಮ್ಮ ಎದುರುಮನೆಯ ಕಟ್ಟೆಯ ಮೇಲೆ ಹೋಗಿ ಕೂತರು. ನಾನೂ ಕೂತೆ. ಕಾಲು ಗಂಟೆ ಕಳೆಯಿತು. ಒಳಗಿನಿಂದ ಬೈಗುಳ ಕೇಳುತ್ತಲೇ ಇತ್ತು. ಆಮೇಲೆ ಅವಳು ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಜೋಳಿಗೆಯ ಸೀರೆಯನ್ನು ಪಡಸಾಲೆಯ ತೊಲೆಗೆ ಕಟ್ಟಿದಳು, ಕೂಸನ್ನು ಹಾಕಿದಳು. ನಮ್ಮ ಕಡೆ ಒಮ್ಮೆ ನೋಡಿ, ಈಗ ಸಮಾಧಾನ ಆತಾ ಎಂದು ಕೂಗಿ ಇನ್ನೊಂದಿಷ್ಟು ಬೈದಳು.

ಹದಿನೇಳು ವರ್ಷದ ಹಿಂದೆ ಏನಾಗಿತ್ತು ಎಂದು ಉಚ್ಚೆಂಗಮ್ಮನನ್ನು ಕೇಳಿದೆ. ಮಟಮಟ ಮಧ್ಯಾಹ್ನ ಈ ಮನೆಯ ಮುಂದೆ ಹೋಗುತ್ತಿದ್ದರಂತೆ. ಬಾಗಿಲು ಮುಂದೆ ಮಾಡಿತ್ತು, ಒಳಗಿನಿಂದ ಬೆಳ್ಳುಳ್ಳಿ ಕೊಳೆತಂಥ ವಾಸನೆ. ಗುಳಿಗೆಯ ಆ ವಾಸನೆ ಅವರಿಗೆ ಗೊತ್ತಿತ್ತು. ಕೂಗಿದರೆ ಯಾರೂ ಇಲ್ಲ. ನುಗ್ಗಿ ನೋಡಿದರೆ ಮೂಟೆಗೆ ಒರಗಿ ಹುಡುಗಿ ನಿದ್ದೆ ಮಾಡುತ್ತಿತ್ತು, ಎಬ್ಬಿಸಿದರೆ ಕಣ್ಣು ತೆರೆಯಲಿಲ್ಲ. ಎತ್ತಿಕೊಂಡು ಬಂದು ಈಗ ನಾವು ಕೂತಿರುವ ಕಟ್ಟೆಯ ಮೇಲೆ ಗಾಳಿಗೆ ಮಲಗಿಸಿದರು. ಸಂಜೆಯವರೆಗೆ ಹುಡುಗಿ ವಾಂತಿ ಮಾಡಿತು, ಆಮೇಲೆ ಎದ್ದು ಕೂತಿತು. ಹೊಲದಿಂದ ಬಂದ ತಾಯಿ ಕಂಡದ್ದು ವಾಂತಿ ಮಾಡುತ್ತಿರುವ ಮಗಳು ಮತ್ತು ಪಕ್ಕದಲ್ಲಿ ಉಚ್ಚೆಂಗಮ್ಮ. ಅಂದು ಬಿದ್ದ ಪೊರಕೆ ಏಟಿನ ಗುರುತು ಅವರ ಮೊಣಕೈ ಮೇಲೆ ಈಗಲೂ ಇದೆ.

“ಹೇಳಬಹುದಿತ್ತಲ್ಲ ಅವಳಿಗೆ,” ಎಂದೆ.

“ಏನಂತ ಹೇಳ್ಲಿ? ಅವರವ್ವ ಉಳಿಸ್ಕೊಂಡಾಳ ಅಂತ ನಂಬ್ಯಾಳ. ಚಲೋನ ಆತಲ್ಲ.”

ಪಡಸಾಲೆಯಲ್ಲಿ ಕೂಸು ಅತ್ತಿತು. ಅವಳು ಜೋಳಿಗೆ ತೂಗುತ್ತ ಇನ್ನೂ ಬೈಯುತ್ತಿದ್ದಳು. ಗಟ್ಟಿ ದನಿ, ಓಣಿಯ ತುದಿಗೂ ಕೇಳುವಂಥದ್ದು. ಉಚ್ಚೆಂಗಮ್ಮ ಸೆರಗು ಕೊಡವಿಕೊಂಡು ಎದ್ದರು.

“ಬೈಲಿ ಬಿಡ್ರಿ,” ಎಂದರು. “ಬೈಯಾಕ ಉಸುರು ಐತಲ್ಲ ಅಕಿಗೆ.”